ಮೊದಲ ಗುಟುಕು

ಮೊಲದ ಸಂಗತಿ ಮಾತ್ರ ಎತ್ತಬಾರದು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಸುರೇಂದ್ರ ಇಷ್ಟನ್ನು ನಿರ್ಧರಿಸಿದ್ದ. ಮಾಲ್ಟಾದವರು ಮೊಲವನ್ನು ವೈನಿನಲ್ಲಿ ಬೇಯಿಸಿ ತಿನ್ನುತ್ತಾರೆಂದು ಕಂಪನಿಯವರು ಕೊಟ್ಟ ಬಣ್ಣದ ಪುಸ್ತಿಕೆಯ ಕೊನೆಯ ಹಾಳೆಯಲ್ಲಿತ್ತು. ಅತ್ತೆ ವರದಮ್ಮ ಮೊಟ್ಟೆಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವ ಹೆಂಗಸು. ಆ ಹಾಳೆ ಹರಿದುಬಿಡಲೇ ಎಂದುಕೊಂಡ. ಹರಿದರೆ ಅದರ ಹಿಂಬದಿಯ ಸಮುದ್ರದ ಚಿತ್ರವೂ ಹೋಗುತ್ತದೆ. ಬಿಟ್ಟ.

ಮೊಲ ಅವನಿಗೆ ಅನುಕೂಲವಾಗಿಯೇ ಇತ್ತು. ಎಂ.ಎಸ್ಸಿ. ಕೃಷಿ ಓದಿ ಶಿಕಾರಿಪುರದಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ ಇಟ್ಟ ಗಂಡಸು, ಎರಡು ವರ್ಷದಿಂದ ತವರಿನಲ್ಲಿ ಕೂತ ಹೆಂಡತಿ ನಯನಳನ್ನು ಕರೆಯಲು ಹೋಗುವಾಗ ಮೊಲದ ಬಗ್ಗೆ ಯೋಚಿಸಬಲ್ಲನಾದರೆ, ಉಳಿದದ್ದನ್ನು ಯೋಚಿಸಬೇಕಾಗಿಲ್ಲ.

ಕಳೆನಾಶಕದ ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಕಂಪನಿ ಹೊರದೇಶ ತೋರಿಸುತ್ತಿತ್ತು. ಹಿಂದೊಮ್ಮೆ ಬ್ಯಾಂಕಾಕ್ ತೋರಿಸಿತ್ತು. ಸುರೇಂದ್ರ, ನಯನ ಇಬ್ಬರೂ ಹೋಗಿ ಬಂದಿದ್ದರು. ಈ ಸಲ ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪ. ಪುಸ್ತಿಕೆಯಲ್ಲಿ ಮೂರು ಭಾಗ: ಅಲ್ಲಿನ ಹಬ್ಬ, ಅಲ್ಲಿನ ನಿಸರ್ಗ, ಅಲ್ಲಿನ ಊಟ. ಜೋಡಿಯಾಗಿ ಬರಬೇಕು, ಒಂಟಿ ಬರುವವರಿಗೆ ಸೀಟಿಲ್ಲ. ಏಕೆಂದು ಯಾರೂ ಕೇಳಿರಲಿಲ್ಲ. ಒಂಟಿ ಡೀಲರುಗಳು ಬ್ಯಾಂಕಾಕಿನಲ್ಲಿ ಏನು ಮಾಡಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

ಫೋನು ಹೊಡೆದುಕೊಂಡಿತು. ಕಂಪನಿಯ ಸೇಲ್ಸ್ ಆಫೀಸರ್ ತಿಪ್ಪೇಶ.

'ಸರ್, ಮೇಡಮ್ಮೋರ ಪಾಸ್‌ಪೋರ್ಟ್ ಒಂದೇ ಬಾಕಿ ನೋಡ್ರಿ. ಸಂಜೆ ಒಳಗ ಫೋಟೊ ಹೊಡ್ದು ಕಳಿಸಿಬಿಡ್ರಿ. ಇಲ್ಲಾಂದ್ರ ನಿಮ್ಮ ಸೀಟು ಹೊನ್ನಾಳಿಯೋರಿಗೆ ಹೋಗ್ತತಿ.'

'ಕಳಿಸ್ತೀನಿ.'

'ಮೇಡಂ ಆರಾಮಿದಾರಲ್ರಿ?'

'ಆರಾಮಿದಾರೆ.'

ತಿಪ್ಪೇಶನಿಗೆ ಎಲ್ಲ ಗೊತ್ತಿತ್ತು. ಶಿಕಾರಿಪುರದಲ್ಲಿ ಗೊತ್ತಿಲ್ಲದವರು ಯಾರು? ಗೊತ್ತಿದ್ದೂ ಆರಾಮವನ್ನು ವಿಚಾರಿಸುವುದು ಒಂದು ಮರ್ಯಾದೆ. ಅದಕ್ಕೆ ಉತ್ತರ ಕೊಡುವುದು ಇನ್ನೊಂದು.

ಸೊರಬ ದಾಟಿದ ಮೇಲೆ ಬಾಯಾರಿತು. ಏಪ್ರಿಲ್ ಬಿಸಿಲು ರಸ್ತೆಯ ಮೇಲೆ ಕುಣಿಯುತ್ತಿತ್ತು. ಒಂದು ಗೂಡಂಗಡಿಯ ಮುಂದೆ ಕಾರು ನಿಧಾನ ಮಾಡಿದ. ಕಪ್ಪು ಡ್ರಿಂಕ್ಸಿನ ಬಾಟಲಿಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಅವುಗಳನ್ನು ನೋಡಿ ಮತ್ತೆ ವೇಗ ಹೆಚ್ಚಿಸಿದ.

ಎರಡು ವರ್ಷದ ಹಿಂದೆ ಮಾವ ರಾಜಪ್ಪ ಅಂಗಡಿಗೆ ಬಂದ ದಿನವೂ ಇಂಥದೇ ಬಿಸಿಲಿತ್ತು. ದಣಿದು ಬಂದ ಮಾವನಿಗೆ ಅಂಥದೊಂದು ಬಾಟಲಿ ತರಿಸಿ ಕುಡಿಸಿದ್ದು ಸುರೇಂದ್ರನೇ. ಕಣದ ಸುತ್ತಲ ಹುಲ್ಲಿಗೆ ಹೊಡೆಯಲು ಒಂದಿಷ್ಟು ಕಳೆನಾಶಕ ಬೇಕು ಎಂದಿದ್ದರು ಅವರು. 'ಅಷ್ಟಕ್ಕೆ ಇಡೀ ಕ್ಯಾನ್ ಯಾಕ್ರಿ ಮಾವ' ಎಂದು, ಅವರು ಕುಡಿದು ಖಾಲಿ ಮಾಡಿದ ಬಾಟಲಿಯನ್ನೇ ತೊಳೆದು, ದೊಡ್ಡ ಕ್ಯಾನಿನಿಂದ ಅದಕ್ಕೆ ಸುರಿದು, ಮುಚ್ಚಳ ಬಿಗಿ ಮಾಡಿ ಕೊಟ್ಟದ್ದೂ ಸುರೇಂದ್ರನೇ. ಹಾಗೆ ಕೊಡಬಾರದೆಂದು ಗೊತ್ತಿತ್ತು. ಗೊತ್ತಿದ್ದವರೆಲ್ಲ ಹಾಗೆಯೇ ಕೊಡುತ್ತಿದ್ದರು. ಬೆಳಿಗ್ಗೆ ಹೊಡೆದರೆ ಸಂಜೆಯೊಳಗೆ ಹುಲ್ಲು ಬಾಡುತ್ತದೆ, ಬಿಸಿಲೊಂದು ಬೇಕು ಎಂದು ಗಿರಾಕಿಗಳಿಗೆ ಹೇಳುವ ಮಾತನ್ನೇ ಮಾವನಿಗೂ ಹೇಳಿ ಬಸ್ಸು ಹತ್ತಿಸಿದ್ದ.

ಮಾವ ಬಾಟಲಿಯನ್ನು ಬೇಕರಿಯ ಖಾರ, ಬಾಳೆಹಣ್ಣಿನ ಜೊತೆ ಕೈಚೀಲದಲ್ಲಿಟ್ಟುಕೊಂಡು ಊರಿಗೆ ಹೋಗಿ, ಚೀಲವನ್ನು ಜಗಲಿಯ ಗೂಟಕ್ಕೆ ತೂಗುಹಾಕಿದರು. ನಯನಳ ತಮ್ಮ ರಾಜು ಗದ್ದೆಯಿಂದ ಬಂದವನು ಚೀಲಕ್ಕೆ ಕೈ ಹಾಕಿದ. ಪೇಟೆಗೆ ಹೋದ ಅಪ್ಪ ಏನಾದರೂ ತಂದಿರಬೇಕು, ಅಷ್ಟೇ ಅವನ ಲೆಕ್ಕ. ಒಂದೇ ಗುಟುಕು. ಅರ್ಧ ಉಗುಳಿದನಂತೆ. ಉಗುಳಿ ನಕ್ಕನಂತೆ.

ಫೋನು ಬಂದಾಗ ಸುರೇಂದ್ರ, 'ಏನಾಗಲ್ಲ, ಬಾಯಿ ತೊಳ್ಸಿ ಆಸ್ಪತ್ರೆಗೆ ಕರ್ಕಂಬರ್ರಿ' ಎಂದಿದ್ದ. ಅದಕ್ಕೆ ಪ್ರತಿವಿಷ ಇಲ್ಲವೆಂಬ ಸಾಲು ಕ್ಯಾನಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಸಾಲನ್ನು ಪರೀಕ್ಷೆಯಲ್ಲಿ ಬರೆದು ಅವನು ಪಾಸಾಗಿದ್ದ. ರಾಜು ಎಚ್ಚರವಾಗಿಯೇ ಇದ್ದು, ಎಲ್ಲರನ್ನೂ ಮಾತಾಡಿಸುತ್ತ, 'ಭಾವ, ನಾಳೆ ಬಿಡ್ತಾರೇನ್ರಿ' ಎಂದು ಕೇಳುತ್ತ, ಎರಡನೆಯ ವಾರದಲ್ಲಿ ಸತ್ತ.

ಬಾಟಲಿ ಎಲ್ಲಿಂದ ಬಂತೆಂದು ಪೊಲೀಸರು ಕೇಳಿದರು. ಮನೆಯಲ್ಲೇ ಇತ್ತು ಎಂದರು ಮಾವ. ಅತ್ತೆಯೂ ಹಾಗೇ ಎಂದರು. ಅಳಿಯನ ಹೆಸರು ಅವತ್ತೂ ಯಾರ ಬಾಯಲ್ಲಿ ಬರಲಿಲ್ಲ, ಆಮೇಲೂ ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಯನ, 'ಅಮ್ಮನ ಜೊತೆ ನಾಕು ದಿನ ಇದ್ದು ಬರ್ತೀನಿ' ಎಂದಳು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

ಬೈದಿದ್ದರೆ ಸಾಕಿತ್ತು. ಒಬ್ಬರಾದರೂ ಅಂಗಳದಲ್ಲಿ ನಿಂತು ಮಣ್ಣು ತೂರಿದ್ದರೆ ಅವನು ತಲೆ ತಗ್ಗಿಸಿ ನಿಂತು, ತೂರಿಸಿಕೊಂಡು, ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದ. ಪರಿಚಯದವರು ಯಾರೂ ಇಲ್ಲದ ಆ ದ್ವೀಪದಲ್ಲಿ, ಯಾವುದೋ ಬಂಡೆಯ ಮೇಲೆ ಕೂತಾಗ ನಯನ ಒಮ್ಮೆ ಬಾಯಿ ಬಿಟ್ಟು ಹೇಳಿಬಿಡಬಹುದು ಎಂದು ಅವನಿಗೆ ಆಸೆಯಿತ್ತು. ಈ ವರ್ಷ ಟಾರ್ಗೆಟ್ಟಿನ ಹಿಂದೆ ಹುಚ್ಚನ ಹಾಗೆ ಬಿದ್ದದ್ದು ಆ ಒಂದು ಮಾತಿಗಾಗಿ. ಮಾರಿದ್ದು ಮಾತ್ರ ಅದೇ ಔಷಧಿ. ಇದರಲ್ಲಿರುವ ತಮಾಷೆ ಅವನಿಗೆ ಕಾಣುತ್ತಿರಲಿಲ್ಲ ಎಂದಲ್ಲ, ಓದಿದವನು, ಕಾಣುತ್ತಿತ್ತು. ಕಂಡದ್ದರಿಂದ ಏನೂ ನಿಲ್ಲಲಿಲ್ಲ.

ಚಂದ್ರಗುತ್ತಿಯ ಗುಡ್ಡ ಕಾಣಿಸಿತು. ಅದರ ಈಚೆಗಿನ ಹಳ್ಳಿಯಲ್ಲಿ, ರಸ್ತೆಗೆ ಮೊದಲು ಸಿಗುವ ಮನೆ. ಕಣದ ಅಂಚಿನಲ್ಲಿ ಮಾವ ಕುಕ್ಕರುಗಾಲಲ್ಲಿ ಕೂತು ಕೈಯಿಂದ ಹುಲ್ಲು ಕೀಳುತ್ತಿದ್ದರು. ಕಿತ್ತದ್ದನ್ನು ಪಕ್ಕದಲ್ಲಿ ಗುಡ್ಡೆ ಹಾಕಿದ್ದರು. ಸಣ್ಣ ಗುಡ್ಡೆ.

'ಬಂದ್ರಾ?'

'ಬಂದೆ ಮಾವ. ಬಿಸ್ಲಲ್ಲಿ ಯಾಕ್ರಿ ಇದು? ಆಳಿಗೆ ಹೇಳ್ಬೋದಲ್ಲ.'

'ಇದೆಂತ ಕೆಲ್ಸ. ಹೋಗಿ, ಒಳಗೆ ಕೂತ್ಕಳಿ. ನಾ ಕೈ ತೊಳ್ಕಂಡು ಬರ್ತೀನಿ.'

ಅವರು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಈ ಮನೆಯೊಳಗೆ ಈಗ ಒಂದೂ ಬಾಟಲಿ ಇರಲಿಲ್ಲ. ಎಣ್ಣೆ ಡಬ್ಬಿಗೆ ಹೋಗಿತ್ತು, ನೀರು ಸ್ಟೀಲ್ ಚೊಂಬಿಗೆ. ಮಂಗನಕಾಯಿಲೆ ಹರಡುವ ಉಣುಗು ಹುಳ ಮೈಗೆ ಹತ್ತದ ಹಾಗೆ ಕಾಡಿಗೆ ಹೋಗುವಾಗ ಹಚ್ಚಿಕೊಳ್ಳಿ ಎಂದು ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯ ಬಾಟಲಿಯನ್ನೂ ಅತ್ತೆ ಒಳಗೆ ಸೇರಿಸಿರಲಿಲ್ಲ. ಅದು ಅಂಗಳದಾಚೆ ಹಲಸಿನ ಕೊಂಬೆಗೆ ದಾರದಲ್ಲಿ ನೇತಾಡುತ್ತಿತ್ತು.

ವರದಮ್ಮ ಬೆಲ್ಲ, ನೀರು ತಂದರು. ಚೊಂಬನ್ನು ಬಾಗಿಸಿ ತಮ್ಮ ಅಂಗೈಗೆ ಒಂದಿಷ್ಟು ಸುರಿದುಕೊಂಡು, ಅವನ ಎದುರಿಗೇ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಆಮೇಲೆ ಅವನ ಕೈಗಿಟ್ಟರು. ಇದು ಈಗ ಈ ಮನೆಯ ಪದ್ಧತಿ. ಏನೇ ಕೊಡಲಿ, ಕೊಡುವವರು ಮೊದಲು ಒಂದು ಗುಟುಕು ಕುಡಿದು ತೋರಿಸಬೇಕು. ಯಾರೂ ಅದನ್ನು ನಿಯಮ ಮಾಡಿರಲಿಲ್ಲ. ದೇವರ ಮುಂದೆ ದೀಪ ಹಚ್ಚಿದಷ್ಟು ಸಲೀಸಾಗಿ ನಡೆದುಕೊಂಡು ಬಂದಿತ್ತು.

ಸುರೇಂದ್ರ ನೀರು ಕುಡಿದ. ತಣ್ಣಗಿತ್ತು. ಗಂಟಲಲ್ಲಿ ಇಳಿಯುವಾಗ ಎದುರಿನ ಗೋಡೆ ಕಂಡಿತು.

ಗೋಡೆಯ ಮೇಲೆ ರಾಜು ಇದ್ದ. ಯಾರದೋ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿಸಿದ್ದರು. ಹಿಂದೆ ನಿಂತಿದ್ದ ನೆಂಟರನ್ನೆಲ್ಲ ಅಳಿಸಿ, ಸ್ಟುಡಿಯೋದವನು ತನ್ನ ಬಳಿಯಿದ್ದ ಒಂದು ಸಮುದ್ರವನ್ನು ಹಾಕಿದ್ದ. ನೀಲಿ ನೀರು, ಬಿಳಿ ಬಂಡೆ, ದೂರದಲ್ಲಿ ಒಂದು ಹಾಯಿ ದೋಣಿ. ಹೊನ್ನಾವರದ ಕಡಲನ್ನೂ ನೋಡದ ಹುಡುಗ ಅದರ ಮುಂದೆ ಹಲ್ಲು ಬಿಟ್ಟು ನಿಂತಿದ್ದ. ತೊಡೆಯ ಮೇಲಿದ್ದ ಪುಸ್ತಿಕೆಯಲ್ಲಿ ಅಂಥದೇ ಸಮುದ್ರ ಮೇಲೆ ಕಾಣುತ್ತಿತ್ತು, ಸುರೇಂದ್ರ ಅದನ್ನು ಮೆಲ್ಲಗೆ ಮಗುಚಿದ.

ಅತ್ತೆಯ ಕಣ್ಣು ಚುರುಕು. 'ಎಂತ ಪುಸ್ತಕ ಅದು?'

ಪ್ರವಾಸದ ಸಂಗತಿ ಫೋನಿನಲ್ಲಿ ಮೊದಲೇ ಹೇಳಿದ್ದ, ತೋರಿಸಲೇಬೇಕಾಯಿತು. ಹಬ್ಬದ ಪುಟ ತೆರೆದ.

'ಇದು ಯಾವ ದೇವ್ರು?'

'ದೇವ್ರಲ್ಲ ಅತ್ತೆ, ಸಂತ. ಹೆಗಲ ಮೇಲೆ ಹೊತ್ಕಂಡು ಬೀದಿ ಬೀದಿ ತಿರುಗ್ತಾರಂತೆ. ಬ್ಯಾಂಡು, ಪಟಾಕಿ.'

'ನಮ್ಮಲ್ಲೂ ಹೊರ್ತಾರಲ್ಲ.'

'ಹೌದು.'

ಅವರು ಮುಂದಿನ ಪುಟಕ್ಕೆ ಹೋದರು. ನಿಸರ್ಗ. ಗುಡ್ಡದ ಇಳಿಜಾರಿನ ತುಂಬ ಕೆಂಪು, ಹಳದಿ ಹೂ. ಸುರೇಂದ್ರನಿಗೆ ಆ ಪುಟ ನೋಡಿದಾಗಲೆಲ್ಲ ಮೊದಲು ಹೊಳೆಯುತ್ತಿದ್ದುದು ಒಂದೇ: ಅಗಲ ಎಲೆಯ ಕಳೆ, ಒಂದು ಸಲ ಹೊಡೆದರೆ ಸಾಕು. ಆ ಯೋಚನೆ ಅವನ ಅಪ್ಪಣೆ ಕೇಳಿ ಬರುತ್ತಿರಲಿಲ್ಲ.

'ಊಟಕ್ಕೆ ಎಂತ ಮಾಡ್ತಾರೆ ಅಲ್ಲಿ?'

'ಬ್ರೆಡ್ಡು. ಟೊಮೇಟೊ. ಜೇನುತುಪ್ಪ ಬಾಳ ಚೊಲೋ ಇರ್ತತಂತೆ.' ಮೊಲವನ್ನು ದಾಟಿದೆನೆಂದು ಒಳಗೇ ನಿರಾಳವಾದ.

'ಯಾರು ಬಡಿಸ್ತಾರೆ?'

'ಹೋಟ್ಲಿನೋರು.'

ವರದಮ್ಮ ಸ್ವಲ್ಪ ಹೊತ್ತು ಬ್ರೆಡ್ಡಿನ ಚಿತ್ರ ನೋಡಿದರು. 'ಅವ್ರು ಕುಡ್ದು ನೋಡಿ ಕೊಡ್ತಾರಾ?'

ಆ ಮಾತಿನಲ್ಲಿ ಕೊಂಕಿರಲಿಲ್ಲ. ಮಗಳು ಹೋಗುವ ಊರಿನಲ್ಲಿ ನೀರು ನಿಡಿ ಹೇಗೆ ಎಂದು ಕೇಳುವ ತಾಯಿಯ ಮಾತು. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಅಂಗಿಯ ಕಾಲರಿಗೆ ಹೋಯಿತು.

'ಅಲ್ಲಿ ಹಂಗೆಲ್ಲ ಇಲ್ರಿ ಅತ್ತೆ,' ಎಂದ.

ಊಟಕ್ಕೆ ನಯನ ಬಡಿಸಿದಳು. ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದಳಂತೆ, ಅವತ್ತು ಭಾನುವಾರ. ಸಾರನ್ನು ಅಂಗೈಗೆ ಬಿಟ್ಟುಕೊಂಡು ಕುಡಿದು ಬಡಿಸಿದಳು. ಮಜ್ಜಿಗೆಯನ್ನು ಅಂಗೈಗೆ ಬಿಟ್ಟುಕೊಂಡು ಕುಡಿದು ಬಡಿಸಿದಳು. ಅವಳ ಬಲಗೈಯ ನಡುವೆ ಚರ್ಮ ಬಿಳುಚಿದ ಹಾಗೆ ಅವನಿಗೆ ಕಂಡಿತು. ಬೆಳಕಿನ ದೋಷವಿರಬಹುದು. ತಲೆ ಎತ್ತದೆ ಉಂಡ.

ಊಟವಾದ ಮೇಲೆ ಹಿತ್ತಿಲಿಗೆ ಹೋದರು. ಪಾನಕ ಮಾಡುವ ಮುರುಗಲು ಹಣ್ಣಿನ ಸಿಪ್ಪೆಯನ್ನು ಚಾಪೆಯ ಮೇಲೆ ಹರವಿದ್ದರು. ನಯನ ಕೂತು ಅವನ್ನು ಒಂದೊಂದಾಗಿ ಮಗುಚತೊಡಗಿದಳು. ಅವನು ನಿಂತೇ ಇದ್ದ.

'ಎಷ್ಟು ದಿನ?'

'ಒಂದು ವಾರ.'

'ಯಾವಾಗ?'

'ಜೂನ್ ಕೊನೆಗೆ. ಆವಾಗ ಅಲ್ಲಿ ಊರೂರಿಗೂ ಹಬ್ಬ.'

'ಎಷ್ಟು ಕ್ಯಾನು?'

'ಏನು?'

'ಟಾರ್ಗೆಟ್ಟು.'

'ಹಂಗೇನಿಲ್ಲ. ಬೀಜ, ಗೊಬ್ಬರ, ಎಲ್ಲಾ ಸೇರಿ.'

'ಈಗ್ಲೂ ಸುರಿದು ಕೊಡ್ತೀರಾ?'

'ಇಲ್ಲ. ನಾ ಕೊಡಲ್ಲ.'

ಅದು ನಿಜವೇ ಆಗಿತ್ತು. ಅವನು ಕೊಡುತ್ತಿರಲಿಲ್ಲ, ಅಂಗಡಿಯ ಕೆಲಸದವನು ಕೊಡುತ್ತಿದ್ದ. ಆ ಹೊತ್ತಿಗೆ ಸುರೇಂದ್ರ ಎದ್ದು ಹೊರಗೆ ಹೋಗಿ ಚಹಾ ಕುಡಿಯುತ್ತಿದ್ದ.

'ನಯನ,' ಎಂದ. 'ಅಲ್ಲಿ ನಮ್ಮೋರು ಯಾರೂ ಇರಲ್ಲ.'

'ಅದಕ್ಕೆ?'

'ಸುಮ್ನೆ. ಕೂತು ಮಾತಾಡ್ಬೋದು.'

'ಮಾತಾಡಕ್ಕೆ ಇಲ್ಲೇನಾಗಿದೆ?'

ಅವಳ ಕೈ ನಿಂತಿತು. ಮುಖ ಎತ್ತಿ ನೋಡಿದಳು. ಬೈಗುಳವಿರಲಿ, ಅವಳು ಅವನಿಂದ ಒಂದು ಮಾತಿಗಾಗಿ ಕಾಯುತ್ತಿದ್ದಳು. ನಾನೇ ಸುರಿದು ಕೊಟ್ಟೆ. ಮೂರು ಶಬ್ದ. ಎರಡು ವರ್ಷದಿಂದ ಈ ಮನೆಯಲ್ಲಿ ಯಾರೂ ಅವನ ಹೆಸರು ಹೇಳದೆ ಉಳಿಸಿದ್ದು ಅವನೇ ಬಂದು ಹೇಳಲಿ ಎಂದಿರಬಹುದು. ಅದು ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು.  ಚಾಪೆಯಿಂದ ಜಾರಿದ ಒಂದು ಸಿಪ್ಪೆಯನ್ನು ಬಗ್ಗಿ ಎತ್ತಿ ಮತ್ತೆ ಚಾಪೆಗೆ ಹಾಕಿದ.

'ಬಿಸ್ಲು ಜಾಸ್ತಿ ಆತು ಈ ಸಲ,' ಎಂದ.

'ಹೂಂ,' ಎಂದಳು ನಯನ. ಉಳಿದ ಸಿಪ್ಪೆಗಳನ್ನೂ ಮಗುಚಿ ಮುಗಿಸಿ ಒಳಗೆ ಹೋದಳು.

ಬಹಳ ಹೊತ್ತು ಬರಲಿಲ್ಲ. ಅವನು ಕಾರಿನ ಹತ್ತಿರ ಹೋಗಿ ನಿಂತ. ಕಣದಂಚಿನಲ್ಲಿ ಮಾವ ಇದ್ದರು, ಗುಡ್ಡೆ ಸ್ವಲ್ಪ ದೊಡ್ಡದಾಗಿತ್ತು. ಹೊರಡುತ್ತೇನೆಂದು ಹೇಳಿದ. ಅವರು ಮಣ್ಣಿನ ಕೈಯನ್ನೇ ಎತ್ತಿ ಮುಗಿದರು. 'ಹೋಗ್ ಬನ್ನಿ. ಆ ಊರಲ್ಲಿ ಕಳೆ ಏಳಲ್ವಾ?' ಎಂದು ಕೇಳಿದರು. ಕೇಳಿ ಮತ್ತೆ ಹುಲ್ಲಿಗೆ ಬಗ್ಗಿದರು.

ನಯನ ಬಂದಳು. ಕೈಯಲ್ಲಿ ಬಾಟಲಿ ಇತ್ತು. ಕಪ್ಪು ಡ್ರಿಂಕ್ಸಿನದು, ಚೀಟಿ ಅರ್ಧ ಕಿತ್ತು ಹೋದದ್ದು. ಒಳಗೆ ಕೆಂಪೋ ಕಪ್ಪೋ ತಿಳಿಯದ ಬಣ್ಣ.

'ದಾರೀಲಿ ಬಾಯಾರ್ತದೆ. ಇದನ್ನ ಕುಡೀರಿ. ಕುಡ್ದ ಮೇಲೆ ಒಂದು ಫೋನ್ ಮಾಡಿ.'

'ಪಾಸ್‌ಪೋರ್ಟು?'

'ನೀವು ಫೋನ್ ಮಾಡಿದ ಮೇಲೆ ಕಳಿಸ್ತೀನಿ. ಬರ್ತೀನಿ ನಾನು.'

ಬರ್ತೀನಿ ಎಂದಳು. ಅದೊಂದೇ ಕಿವಿಯಲ್ಲಿ ಉಳಿದು, ಅವನು ಬಾಟಲಿಯನ್ನು ಪಕ್ಕದ ಸೀಟಿನ ಮೇಲಿಟ್ಟು ಕಾರು ತಿರುಗಿಸಿದ. ಸೊರಬದವರೆಗೂ ಖುಷಿಯಲ್ಲೇ ಇದ್ದ. ಒಂದು ಹಾಡನ್ನು ಗುನುಗಿದ ಕೂಡ. ಬಾಟಲಿ ಪ್ರತಿ ತಿರುವಿನಲ್ಲೂ ಉರುಳಿ ಬಾಗಿಲಿಗೆ ಬಡಿಯುತ್ತಿತ್ತು. ಸೊರಬ ದಾಟಿದ ಮೇಲೆ, ಬಾಯಾರಿ ಅದರ ಕಡೆ ಕೈ ಚಾಚಿದಾಗ ನೆನಪಾಯಿತು: ಅವಳು ಅಂಗೈಗೆ ಸುರಿದುಕೊಳ್ಳಲಿಲ್ಲ. ಕುಡಿದು ಕೊಡಲಿಲ್ಲ.

ಬಂದಳಿಕೆಯ ಕವಲಿಗೆ ಮೊದಲು ಒಂದು ಕೆರೆ. ಏರಿಯ ಕೆಳಗೆ ನೀರು ಜಿನುಗಿ ಅಷ್ಟು ಜಾಗ ಹಸಿರಾಗಿತ್ತು. ಕಾರು ನಿಲ್ಲಿಸಿ ಅಲ್ಲಿಗೆ ಇಳಿದ. ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಮುರುಗಲು ಪಾನಕವೇ ಇರಬೇಕು, ಕಡುಗೆಂಪು. ಮುಚ್ಚಳ ತೆಗೆದು ಮೂಸಿದ. ಹುಳಿ ವಾಸನೆ. ಆದರೆ ಅವನ ಮೂಗನ್ನು ನಂಬುವ ಹಾಗಿರಲಿಲ್ಲ. ಅಂಗಡಿಯಲ್ಲಿ ಕೂತು ಕೂತು ಅದಕ್ಕೆ ಎಲ್ಲದರಲ್ಲೂ ಒಂದೇ ವಾಸನೆ ಬರುತ್ತಿತ್ತು. ಬಾಟಲಿಯೇ ಇಲ್ಲದ ಮನೆಯಲ್ಲಿ ಈ ಬಾಟಲಿ ಎಲ್ಲಿತ್ತು? ಆ ದಿನದ್ದೇ ಇರಬಹುದೇ? ಹೊರಡುವಾಗ ಹಲಸಿನ ಕೊಂಬೆಯಲ್ಲಿ ಎಣ್ಣೆಯದು ನೇತಾಡುತ್ತಿತ್ತೇ? ನೋಡಿರಲಿಲ್ಲ.

ಛೇ, ಎಂದುಕೊಂಡ. ನಯನ ಅಂಥವಳಲ್ಲ. ಬಾಟಲಿಯನ್ನು ತುಟಿಯವರೆಗೆ ತಂದ. ತುಟಿ ತೆರೆಯಲಿಲ್ಲ. ಅವಳು ಅಂಥವಳಾಗಲು ಕಾರಣವಿದೆ ಎಂದು ಇಡೀ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಎರಡನೆಯ ಸಲ ತಂದ. ರಾಜು ಉಗುಳಿ ನಕ್ಕದ್ದು ನೆನಪಾಯಿತು.

ಬಗ್ಗಿ, ಬಾಟಲಿಯನ್ನು ಹುಲ್ಲಿನ ಮೇಲೆ ಪೂರ್ತಿ ಸುರಿದ. ಫೋನು ಮಾಡಿದ.

'ಕುಡಿದೆ.'

'ಪೂರ್ತಿ?'

'ಪೂರ್ತಿ.'

'ಸಿಹಿ ಸಾಕಿತ್ತಾ?'

'ಸಾಕಿತ್ತು.'

ಆ ಕಡೆ ದೂರದಲ್ಲಿ ಯಾರೋ ಬಾವಿಗೆ ಕೊಡ ಇಳಿಸುವ ಸದ್ದು. 'ಸರಿ,' ಎಂದು ನಯನ ಇಟ್ಟಳು.

ಸಿಹಿ ಹಾಕಿದ್ದಳೋ ಇಲ್ಲವೋ ಎಂದು ಅವನು ಯೋಚಿಸುತ್ತಿರುವಾಗಲೇ ಫೋನು ಮತ್ತೆ ಸದ್ದು ಮಾಡಿತು. ಪಾಸ್‌ಪೋರ್ಟಿನ ಪುಟ. ಬ್ಯಾಂಕಾಕಿಗೆ ಹೋಗುವ ಮೊದಲು ತೆಗೆಸಿದ ಮುಖ, ನಗಬಾರದೆಂದು ಹೇಳಿದ್ದರೂ ಅಂಚಿನಲ್ಲಿ ನಕ್ಕ ಬಾಯಿ. ಅದರ ಕೆಳಗೆ ಒಂದು ಸಾಲು: 'ಆ ಊರಲ್ಲೂ ನಾನೇ ಮೊದಲು ಕುಡಿದು ತೋರಿಸಬೇಕಾ?'

ಕುಡಿದಿಲ್ಲವೆಂದು ಅವಳಿಗೆ ಹೇಗೋ ತಿಳಿದಿತ್ತು. ತಿಪ್ಪೇಶನಿಗೆ ಪುಟ ಕಳಿಸಿದ. ಕೂಡಲೇ ಅವನಿಂದ ಒಂದು ಹೆಬ್ಬೆರಳು, ಒಂದು ವಿಮಾನ ಬಂದವು. ಸುರೇಂದ್ರ ಫೋನನ್ನು ಮಗುಚಿ ಜೇಬಿಗಿಟ್ಟ. ಈಗ ಹೊರಡಬೇಕಿತ್ತು. ಅಂಗಡಿ ಇತ್ತು, ಕೆಲಸದವನು ಒಬ್ಬನೇ ಇದ್ದ.

ಹೊರಡಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಾವನ ಹಾಗೆ ಕುಕ್ಕರುಗಾಲಲ್ಲಿ ಕೂತ. ಸಿಹಿ ಇದ್ದರೆ ಇರುವೆ ಬರಬೇಕು. ಅದೇ ಔಷಧಿಯಾದರೆ ಬಿಸಿಲಿಗೆ ಹುಲ್ಲು ಬಾಡಬೇಕು. ಎರಡರಲ್ಲಿ ಒಂದು. ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಕಿಟಕಿಯಿಂದ ಯಾರೋ ಕತ್ತು ಚಾಚಿ, ಏನೋ ಕಳೆದುಕೊಂಡವನನ್ನು ನೋಡುವ ಹಾಗೆ ಅವನನ್ನು ನೋಡಿದರು.

ಹುಲ್ಲು ಒದ್ದೆಯಾಗಿ ಮಿರುಗುತ್ತ ನಿಂತಿತ್ತು. ಎಷ್ಟೋ ಹೊತ್ತಿನ ಮೇಲೆ ಒಂದು ಇರುವೆ ಬಂತು. ಕೆಂಪು ನೆಲ ಮುಗಿದು ಒದ್ದೆ ಶುರುವಾಗುವ ಕಡೆ ನಿಂತು, ಮೀಸೆ ಆಡಿಸಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ಸುರೇಂದ್ರ ಅದರ ಮೇಲೆ ಬಗ್ಗಿದ. ಬಿಸಿಲು ಇನ್ನೂ ಸಾಕಷ್ಟಿತ್ತು.